ಸುಣ್ಣದ ನೀರಿನಲ್ಲಿ ಬೆಂದ ಜೋಳ, ಕಾವಲಿಯ ಮೇಲೆ ಉಬ್ಬುವ ಟೋರ್ಟಿಯಾ

ಅಂಗಡಿಯ ಮೆಕ್ಕೆಜೋಳದ ಹಿಟ್ಟಿಗೆ ನೀರು ಹಾಕಿ ಟೋರ್ಟಿಯಾ ಎಂಬ ಮೆಕ್ಸಿಕೊದ ತೆಳು ರೊಟ್ಟಿ ತಟ್ಟಲು ಹೋದರೆ ಅಂಚು ಬಿರಿದು ಕೈಯಲ್ಲೇ ಪುಡಿಯಾಗುತ್ತದೆ. ಮೆಕ್ಸಿಕೊದ ಮನೆಗಳಲ್ಲಿ ಆ ಹಿಟ್ಟಿಗೆ ಜಿಗುಟು ತರುವುದು ಸುಣ್ಣ. ನಾವು ವೀಳ್ಯದೆಲೆಗೆ ಸವರುವ ಅದೇ ಸುಣ್ಣ. ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಕಾಳಿಗೆ ಅಲ್ಲಿ ನಿಶ್ತಮಾಲ್ ಎನ್ನುತ್ತಾರೆ.

ಸ್ವೀಟ್ ಕಾರ್ನ್ ಬೇಡ, ಚೆನ್ನಾಗಿ ಒಣಗಿದ ಮೆಕ್ಕೆಜೋಳ 1 ಕೆ.ಜಿ. ಬೇಕು. ಬಿತ್ತನೆಗೆಂದು ಔಷಧ ಲೇಪಿಸಿದ ಬೀಜವನ್ನಂತೂ ಮುಟ್ಟಲೇಬೇಡಿ. ಸ್ಟೀಲ್ ಪಾತ್ರೆಯಲ್ಲಿ 3 ಲೀಟರ್ ನೀರಿಗೆ, ಪರಿಮಳ ಬೆರೆಸದ ತಿನ್ನುವ ಸುಣ್ಣದ ಒಣಪುಡಿ 10 ಗ್ರಾಂ ಕದಡಿ ಕಾಳು ಸುರಿಯಿರಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬೇಯಲಿ. ಕಾಳಿನ ಹಳದಿ ಗಾಢವಾಗುತ್ತದೆ. ಒಂದು ಕಾಳು ತೆಗೆದು ಹೆಬ್ಬೆರಳಿನಿಂದ ತಿಕ್ಕಿ: ಸಿಪ್ಪೆ ತೆಳುವಾದ ಲೋಳೆಯಂತೆ ಜಾರಬೇಕು, ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಇರಬೇಕು. ಆಗ ಒಲೆ ಆರಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ.

ಸುಣ್ಣವಿಲ್ಲದೆ ಬರೀ ನೀರಿನಲ್ಲಿ ಬೇಯಿಸಿದರಾಗದೇ ಎಂದು ಕೇಳಬೇಡಿ. 18ನೇ ಶತಮಾನದ ಸ್ಪೇನ್ ಮತ್ತು ಉತ್ತರ ಇಟಲಿಯಲ್ಲಿ ಆದದ್ದು ಅದೇ. ಅಮೆರಿಕದಿಂದ ಜೋಳ ಹೋಯಿತು, ಸುಣ್ಣದ ವಿದ್ಯೆ ಹೋಗಲಿಲ್ಲ. ಜೋಳವನ್ನೇ ನಂಬಿದ ಬಡವರ ಚರ್ಮ ಬಿರಿಯಿತು, ಬುದ್ಧಿ ಕಲಕಿತು. ಆ ರೋಗವೇ ಪೆಲಾಗ್ರ. ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಸುಣ್ಣ ಬಿಡಿಸಿ ಕೊಡುತ್ತದೆ. ಮೆಕ್ಸಿಕೊದ ಹೆಂಗಸರು ಸಾವಿರಾರು ವರ್ಷ ಕೈಯಿಂದ ಕೈಗೆ ದಾಟಿಸಿದ ಈ ಅರಿವಿನ ಮುಂದೆ ನನಗೆ ತಲೆ ಬಾಗುತ್ತದೆ.

ಬೆಳಿಗ್ಗೆ ನೀರು ಬಸಿದು, ಕಾಳನ್ನು ಉಜ್ಜಿ ಎರಡು ಮೂರು ಸಲ ತೊಳೆಯಿರಿ. ತುಸು ಸಿಪ್ಪೆ ಉಳಿದರೆ ಒಳ್ಳೆಯದೇ, ಅದರ ಅಂಟು ಹಿಟ್ಟನ್ನು ಹಿಡಿದಿಡುತ್ತದೆ. ಅಲ್ಲಿ ಮೆತಾತೆ ಎಂಬ ಕಲ್ಲಿನ ಮೇಲೆ ಅರೆಯುತ್ತಿದ್ದರು. ಈಗ ಹೆಚ್ಚಿನವರು ಗಿರಣಿಗೆ ಒಯ್ಯುತ್ತಾರೆ. ನಮಗೆ ಗ್ರೈಂಡರ್ ಸಾಕು, ನೀರನ್ನು ಮಾತ್ರ ಚಿಮುಕಿಸುತ್ತ ನುಣ್ಣಗೆ ಅರೆಯಿರಿ. ಉಂಡೆಯನ್ನು ಒತ್ತಿದಾಗ ಅಂಚು ಬಿರಿಯದಿದ್ದರೆ ಹದ ಬಂದಿದೆ.

ನಿಂಬೆ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತಿ. ಚೆನ್ನಾಗಿ ಕಾದ ಕಾವಲಿಯ ಮೇಲೆ ಮೊದಲು ಅರ್ಧ ನಿಮಿಷ, ತಿರುವಿ ಒಂದು ನಿಮಿಷ. ಮತ್ತೆ ತಿರುವಿ ನಡುವೆ ಮೆಲ್ಲನೆ ಒತ್ತಿದರೆ ಉಬ್ಬುತ್ತದೆ. ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ತನ್ನದೇ ಹಬೆಗೆ ಮೆತ್ತಗಾಗುತ್ತದೆ.

ಜೊತೆಗೆ ಈರುಳ್ಳಿ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜ, ಸುಟ್ಟ ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಸಾಲ್ಸಾ. ಉಳಿದ ಟೋರ್ಟಿಯಾವನ್ನು ಮರುದಿನ ತುಂಡು ಮಾಡಿ ಕರಿದು, ಅದೇ ಸಾಲ್ಸಾದಲ್ಲಿ ಹೊರಳಿಸಿದರೆ ಬೆಳಗಿನ ತಿಂಡಿ ಚಿಲಾಕಿಲೆಸ್ ಸಿದ್ಧ.