ಬರಗಾಲದಲ್ಲಿ ಊರ ನೀರನ್ನು ಹಂಚಿಕೊಳ್ಳುವ ಬಗೆ: ಕೇರಿ ಬೇರೆಯಾದರೂ ಲೆಕ್ಕ ಒಂದೇ

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಇಳಿಯುತ್ತಿದ್ದ ಹಾಗೆ ಊರೊಳಗಿನ ಹಳೆಯ ಗೆರೆಗಳೆಲ್ಲ ಮೇಲೆದ್ದು ಬರುತ್ತವೆ. ಮೇಲಿನ ಓಣಿಯವರು ನಲ್ಲಿಗೆ ಮೋಟರ್ ಹಾಕುತ್ತಾರೆ, ಪೈಪಿನ ಕೊನೆಯಲ್ಲಿರುವ ದಲಿತರ ಕಾಲೋನಿಗೆ ಗಾಳಿ ಮಾತ್ರ ಬರುತ್ತದೆ. ಒಬ್ಬ ರೈತ 800 ಅಡಿ ಕೊರೆಸಿದರೆ ಪಕ್ಕದವನು 1,200 ಅಡಿಗೆ ಇಳಿಯುತ್ತಾನೆ. ನಮ್ಮದು ಗಟ್ಟಿ ಬಂಡೆಯ ನೆಲ, ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಒಂದೇ ಬಿರುಕಿಗೆ ಎರಡು ಬೋರು ಇಳಿದರೆ ಇಬ್ಬರೂ ಸಾಲ ಮಾಡಿ ಹಂಚಿಕೊಳ್ಳುವುದು ಅದೇ ನೀರನ್ನು. ಆಳಕ್ಕೆ ಹೋದಂತೆ ಫ್ಲೋರೈಡ್ ಹೆಚ್ಚುವ ಅಪಾಯ ಬೇರೆ. ಕುದಿಸಿದರೂ ಬ್ಲೀಚಿಂಗ್ ಪುಡಿ ಹಾಕಿದರೂ ಅದು ಹೋಗುವುದಿಲ್ಲ.

ಈ ಪೈಪೋಟಿ ನಿಲ್ಲಬೇಕಾದರೆ ಮೊದಲು ಬೇಕಾದದ್ದು ಎಲ್ಲರೂ ಒಪ್ಪುವ ಒಂದು ಅಳತೆ. ಒಗ್ಗಟ್ಟಿನ ಭಾಷಣವನ್ನು ಅಲ್ಲಿಯವರೆಗೆ ಬದಿಗಿಡಿ.

ಅಳೆಯುವುದು

ಮಾರ್ಚ್ ಮುಗಿಯುವುದರೊಳಗೆ ಪಂಚಾಯಿತಿ ಬೋರಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕೆಂದು ಪ್ರತಿ ಕೇರಿಯವರ ಎದುರಿನಲ್ಲೇ ನೋಡಿ. ಮೋಟರ್ ಹಾಕಿದ ತಕ್ಷಣ ಅಳೆಯಬೇಡಿ. ಒಂದು ಗಂಟೆ ಓಡಿದ ಮೇಲೆ ಬರುವುದೇ ನಿಜವಾದ ನೀರು. ಡ್ರಮ್ ತುಂಬಲು 4 ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್. 7 ಗಂಟೆ ಮೂರು ಫೇಸ್ ಕರೆಂಟ್ ಸಿಕ್ಕರೆ ದಿನಕ್ಕೆ 21,000.

ಇನ್ನು ಬೇಕಾದದ್ದರ ಲೆಕ್ಕ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಹೇಳುವ ದಿನಕ್ಕೆ ತಲಾ 55 ಲೀಟರನ್ನು ಬರದಲ್ಲಿ ಹಿಡಿದು ಕೂತರೆ ಲೆಕ್ಕ ಕೂಡುವುದಿಲ್ಲ. ತಲಾ 25 ಲೀಟರಿನಿಂದ ಶುರು ಮಾಡಿ, 15ಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬೇಡಿ. 1,200 ಜನರಿಗೆ 30,000 ಲೀಟರ್. ದನವೊಂದಕ್ಕೆ 40 ಲೀಟರಿನಂತೆ 120 ದನಕ್ಕೆ 4,800. ಕುರಿ, ಮೇಕೆಗೆ 5 ಲೀಟರಿನಂತೆ 300ಕ್ಕೆ 1,500. ಒಟ್ಟು 36,300. ಅಂದರೆ ಕೊರತೆ 15,300. ಈ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಕೊರತೆ ಎಷ್ಟೆಂದು ಗೊತ್ತಿಲ್ಲದಾಗ ಪ್ರತಿ ಕೇರಿಗೂ ಇನ್ನೊಂದು ಕೇರಿ ಕದ್ದಂತೆ ಕಾಣುತ್ತದೆ.

ಎರಡು ಖಾಸಗಿ ಬೋರುಗಳಿಂದ ಗಂಟೆಗೆ 2,500 ಲೀಟರಿನಂತೆ ಎರಡೆರಡು ಗಂಟೆ ಪಡೆದರೆ 10,000 ಆಯಿತು. 5,000 ಲೀಟರಿನ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ಬಂದರೆ ಉಳಿಯುವುದು 300 ಲೀಟರ್. ಅದು ಸೋರುವ ಎರಡು ವಾಲ್ವ್ ರಿಪೇರಿಯಲ್ಲೇ ಸಿಗಬಹುದು.

ಸಭೆ ಎಲ್ಲಿ, ಯಾವಾಗ

ದಲಿತರು ಒಳಗೆ ಬಾರದ ಗುಡಿಯ ಅಂಗಳದಲ್ಲಾಗಲಿ, ಗೌಡರ ಜಗುಲಿಯಲ್ಲಾಗಲಿ ಹಂಚಿಕೆ ಗೊತ್ತುಮಾಡುವ ಸಭೆ ಸೇರಬಾರದು. ಅಲ್ಲಿ ಒಬ್ಬರು ಮೇಲೆ ಕೂತು ಇನ್ನೊಬ್ಬರು ಕೆಳಗೆ ನಿಂತರೆ ಹಂಚಿಕೆ ಆಗಲೇ ನಿರ್ಧಾರವಾದಂತೆ. ಶಾಲೆಯ ಬಯಲು ಸರಿ, ಒಂದೇ ಜಮಖಾನೆ ಹಾಸಿ. ಹೊತ್ತು ರಾತ್ರಿ ಎಂಟರ ಮೇಲಿರಲಿ. ಅದಕ್ಕೂ ಮೊದಲು ಕರೆದರೆ ಡೈರಿಗೆ ಹಾಲು ಹಾಕುವವರು, ಕೂಲಿಯಿಂದ ಬರುವವರು ತಪ್ಪಿಹೋಗುತ್ತಾರೆ.

ನೀರಿನ ಸಮಿತಿಗೆ ಪ್ರತಿ ಕೇರಿಯಿಂದ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸೇ ಆಗಿರಬೇಕು. ಕೊಡ ಹೊರುವವರಿಗೆ ಗೊತ್ತಿರುವ ಲೆಕ್ಕ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ವಾಲ್ವ್ ತಿರುಗಿಸಿ ನೀರು ಬಿಡುವ ನೀರಗಂಟಿ ಕಡ್ಡಾಯ. ಹಳೇ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿಗಳಲ್ಲಿ ಬಹುಪಾಲು ದಲಿತರು. ಗದ್ದೆ ಯಾರದ್ದೇ ಇರಲಿ, ಎಷ್ಟು ಹೊತ್ತು ಹರಿಯಬೇಕೆಂದು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಇವತ್ತಿನ ನೀರಗಂಟಿಗೂ ಅಷ್ಟೇ ಬಲ ಬೇಕು. ಸಮಿತಿ ಬರೆದುಕೊಟ್ಟ ವೇಳಾಪಟ್ಟಿ ಅವರ ಕೈಯಲ್ಲಿರಬೇಕು, "ಇನ್ನರ್ಧ ಗಂಟೆ ಬಿಡೋ" ಎಂದು ಯಾರು ಗದರಿದರೂ ಅದನ್ನು ತೋರಿಸುವಂತಿರಬೇಕು.

ಹಂಚಿಕೆ ತಲೆಗೆ, ಮನೆಗಲ್ಲ

ಮನೆಗಿಷ್ಟು ಎಂದರೆ ಕೂಡು ಕುಟುಂಬಗಳಿಗೆ ಅನ್ಯಾಯ. ಪಾತ್ರೆ ಇದ್ದಷ್ಟು ಎಂದರೆ ಸಂಪು, ಡ್ರಮ್ ಇದ್ದವರಿಗೆ ಲಾಭ. ತಲೆಗೆ 25 ಲೀಟರ್ ಎಂದರೆ ಐದು ಜನರ ಮನೆಗೆ 125, ಅಂದರೆ 15 ಲೀಟರಿನ ಎಂಟು ಕೊಡಕ್ಕಿಂತ ತುಸು ಹೆಚ್ಚು. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಕಟ್ಟಿದ ಪಾನಿ ಪಂಚಾಯತ್ ನೀರಾವರಿಗೇ ಈ ಸೂತ್ರ ತಂದಿತ್ತು: ಜಮೀನು ಎಷ್ಟೇ ಇರಲಿ, ತಲಾ ಅರ್ಧ ಎಕರೆಗಾಗುವಷ್ಟು ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆ, ಕಬ್ಬಿಗೆ ಇಲ್ಲ, ಭೂಮಿ ಇಲ್ಲದವರಿಗೂ ಪಾಲುಂಟು.

ವಾಲ್ವ್ ಬಿಡುವ ಹೊತ್ತನ್ನೂ ಜನಸಂಖ್ಯೆಯ ಮೇಲೆ ಕಟ್ಟಿ. ಓವರ್‌ಹೆಡ್ ಟ್ಯಾಂಕಿನಿಂದ ಗಂಟೆಗೆ 10,000 ಲೀಟರ್ ಇಳಿಯುತ್ತದೆ ಎನ್ನಿ. 500 ಜನರ ಓಣಿಗೆ 75 ನಿಮಿಷ, 420 ಜನರ ಕೇರಿಗೆ 63, 280 ಜನರ ಕಾಲೋನಿಗೆ 42. ಇಲ್ಲೇ ಹೆಚ್ಚಿನ ಊರುಗಳು ಎಡವುವುದು. ಕಾಲೋನಿ ಪೈಪಿನ ತುದಿಯಲ್ಲಿದ್ದರೆ ಖಾಲಿ ಪೈಪು ತುಂಬುವುದಕ್ಕೇ ಹತ್ತು, ಹದಿನೈದು ನಿಮಿಷ ಹೋಗುತ್ತದೆ. ಆದ್ದರಿಂದ ಗಡಿಯಾರ ನೋಡಬೇಕಾದದ್ದು ವಾಲ್ವ್ ತಿರುಗಿಸಿದಾಗಲ್ಲ, ಕೊನೆಯ ನಲ್ಲಿಯಲ್ಲಿ ನೀರು ಬಿದ್ದಾಗ. ಮೊದಲ ವಾರ ತುದಿಯಿಂದಲೇ ಶುರು ಮಾಡಿ, ಆಮೇಲೆ ಸರದಿಯನ್ನು ದಿನದಿನಕ್ಕೆ ತಿರುಗಿಸಿ. ನೀರು ಬಿಟ್ಟ ಹೊತ್ತಿನಲ್ಲಿ ನಲ್ಲಿಗೆ ಮೋಟರ್ ಹಾಕುವಂತಿಲ್ಲ, ಪಂಚಾಯಿತಿ ಅಧ್ಯಕ್ಷರ ಮನೆಯಲ್ಲೂ.

ಟ್ಯಾಂಕರ್

ಬೀದಿಯಲ್ಲಿ ನಿಲ್ಲಿಸಿ ಪೈಪು ಬಿಟ್ಟರೆ ಹೊಡೆದಾಟ ಖಚಿತ, ಚೆಲ್ಲುವ ನೀರೂ ಕಡಿಮೆಯಲ್ಲ. ಟ್ಯಾಂಕರ್ ನೀರು ಸಂಪಿಗೆ ಬೀಳಲಿ, ಅಲ್ಲಿಂದ ಮೇಲಿನ ಟ್ಯಾಂಕಿಗೆ ಹತ್ತಿ ಎಲ್ಲರ ನಲ್ಲಿಗೂ ಒಂದೇ ದಾರಿಯಲ್ಲಿ ಬರಲಿ. ಯಾರೇ ದುಡ್ಡು ಕೊಟ್ಟು ತರಿಸಿದರೂ ಇದೇ ನಿಯಮ. ಚುನಾವಣೆ ಹತ್ತಿರವಿದ್ದರೆ ತಮ್ಮ ಬ್ಯಾನರ್ ಕಟ್ಟಿದ ಟ್ಯಾಂಕರನ್ನು ತಮ್ಮ ಕಡೆಯ ಓಣಿಗಷ್ಟೇ ಕಳಿಸುವವರು ಇರುತ್ತಾರೆ. ನೀರು ಬೇಡವೆನ್ನಬೇಡಿ, ಸಂಪಿನ ದಾರಿ ತೋರಿಸಿ.

ತಿಳಿಯಾದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿ, 5,000 ಲೀಟರಿಗೆ 12.5 ಗ್ರಾಂ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿ, ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಬಾಯಿ ತೆರೆದಿಟ್ಟ ಹಳೆಯ ಪುಡಿಗೆ ಸತ್ವವಿರುವುದಿಲ್ಲ.

ಬೋರಿನ ಮಾಲೀಕರ ಹತ್ತಿರ ಮಾತು

ನೀರು ಕೊಡಲು ಅವರು ಹಿಂಜರಿಯುವುದು ಜಿಪುಣತನದಿಂದ ಅಂತ ಅಂದುಕೊಳ್ಳಬೇಡಿ. "ಒಮ್ಮೆ ಕೊಟ್ಟರೆ ಹಕ್ಕಾಗಿಬಿಡುತ್ತೆ", "ಮೋಟರ್ ಸುಟ್ಟರೆ ಯಾರು ಕೊಡ್ತಾರೆ", "ನನ್ನ ಅಡಿಕೆ ಒಣಗಿದರೆ?" ಮೂರೂ ನ್ಯಾಯವಾದ ಭಯಗಳೇ. ಮೂರಕ್ಕೂ ಬರಹದಲ್ಲೇ ಉತ್ತರ ಕೊಡಿ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ದಿನಕ್ಕೆ ಎಷ್ಟು ಗಂಟೆ, ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ಯಾರದು, ತೋಟ ಉಳಿಸಿಕೊಳ್ಳಲು ಅವರಿಗೆ ಬಿಟ್ಟ ಹೊತ್ತು ಯಾವುದು, ನೀರು ಬಿಟ್ಟು ಬಿಟ್ಟು ಬರತೊಡಗಿದರೆ ಮೋಟರ್ ನಿಲ್ಲಿಸುವ ಹಕ್ಕು ಅವರದು. ಬಾಡಿಗೆಯನ್ನು ಪಂಚಾಯಿತಿ ಮೂಲಕ ತಹಶೀಲ್ದಾರರ ಒಪ್ಪಿಗೆ ಪಡೆದೇ ಗೊತ್ತುಮಾಡಿ. ಬಾಯಿಮಾತಿನ ಬಾಡಿಗೆ ಜೂನ್ ಹೊತ್ತಿಗೆ ಜಗಳವಾಗುತ್ತದೆ. ಇದರ ಜೊತೆಗೆ, ಈ ಬೇಸಿಗೆ ಹೊಸ ಬೋರು ಕೊರೆಸುವುದಿಲ್ಲ, ಭತ್ತ ನಾಟಿ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ ಎಲ್ಲರ ಸಹಿ ಬೇಕು. ಒಬ್ಬರು ತಪ್ಪಿದರೂ ಉಳಿದವರು ಬೋರು ಕೊರೆಯುವ ಗಾಡಿ ಕರೆಸುತ್ತಾರೆ.

ಒಪ್ಪಿಕೊಳ್ಳಬಾರದ ರಾಜಿ

"ಗಲಾಟೆ ಬೇಡ, ಕಾಲೋನಿಗೆ ಬೇರೆ ತೊಂಬೆ ಕಟ್ಟಿಸೋಣ" ಎಂಬ ಮಾತು ಬಂದೇ ಬರುತ್ತದೆ. ಕೇಳಲು ಶಾಂತಿಯ ಮಾತು. ಆದರೆ ಬರ ಹೋದರೂ ಆ ಗೋಡೆ ಹೋಗುವುದಿಲ್ಲ, ನೀರು ಇನ್ನಷ್ಟು ಇಳಿದಾಗ ಮೊದಲು ಬತ್ತುವುದೂ ಆ ತೊಂಬೆಯೇ. ದೂರ ಕಡಿಮೆ ಮಾಡಲು ಹೆಚ್ಚಿನ ತೊಂಬೆ ಬೇಕಾದರೆ ಕಟ್ಟಿ, ಆದರೆ ಯಾವ ತೊಂಬೆಯಲ್ಲಾದರೂ ಯಾರಾದರೂ ತಮ್ಮ ಕೈಯಿಂದಲೇ ಕೊಡ ಹಿಡಿಯುವಂತಿರಬೇಕು. ಮೇಲಿಂದ ಒಬ್ಬರು ಸುರಿಯುವುದು, ಇನ್ನೊಬ್ಬರು ದೂರ ನಿಂತು ಕಾಯುವುದು ನಡೆಯಕೂಡದು. ಸಾರ್ವಜನಿಕ ನೀರಿಗೆ ಜಾತಿಯ ಕಾರಣಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಇದನ್ನು ಮೊದಲ ಸಭೆಯಲ್ಲೇ ಪಿಡಿಒ ಓದಿ ಹೇಳಲಿ.

ನಿಯಮ ಮುರಿದವರಿಗೆ ದಂಡ ಹಾಕಬೇಡಿ. 500 ರೂಪಾಯಿ ಒಬ್ಬರಿಗೆ ಎರಡು ದಿನದ ಊಟ, ಇನ್ನೊಬ್ಬರಿಗೆ ಲೆಕ್ಕಕ್ಕೇ ಇಲ್ಲ. ಮೊದಲ ಸಲ ಸಭೆಯಲ್ಲಿ ಹೆಸರು ಓದಿ, ಎರಡನೆಯ ಸಲ ಅವತ್ತಿನ ಸರದಿಯಲ್ಲಿ ಕೊನೆಗೆ ಹಾಕಿ. ಕುಡಿಯುವ ನೀರು ನಿಲ್ಲಿಸುವುದು, ಬಹಿಷ್ಕಾರ, ಈ ಎರಡು ಮಾತೂ ಏಳಬಾರದು.

ಮಳೆ ಬಂದ ಮೇಲೆ

ಮೊದಲ ಮಳೆಗೇ ಸಮಿತಿ ಮುಚ್ಚಬೇಡಿ. ಮೇಲೆ ಬಿದ್ದ ನೀರು ಬಿರುಕುಗಳಿಗೆ ಇಳಿಯಲು ವಾರಗಳು ಬೇಕು. ಡ್ರಮ್ ಇಟ್ಟು ಮತ್ತೆ ಅಳೆಯಿರಿ, ಗಂಟೆಯ ನೀರು ಎರಡು ವಾರ ಸತತವಾಗಿ ಏರಿದ ಮೇಲೆ ತಲಾ ಪಾಲು ಹೆಚ್ಚಿಸಿ. ಕೊನೆಯ ಸಭೆಯಲ್ಲಿ ಟ್ಯಾಂಕರ್, ರಿಪೇರಿ, ಬಾಡಿಗೆ ಎಲ್ಲದರ ರಸೀದಿಯನ್ನೂ ಜಮಖಾನೆಯ ಮೇಲೆ ಹರಡಿ ಓದಿ. ಬೋರು ಕೊಟ್ಟವರಿಗೆ ಅವಧಿ ಮುಗಿಯಿತೆಂದು ಸಹಿ ಮಾಡಿದ ಕಾಗದ ಕೊಡಿ. ಪೈಪುಗಳನ್ನು ಶಾಲೆಯ ಕೋಣೆಯಲ್ಲಿ ಸುತ್ತಿಟ್ಟು, ಎರಡು ಬೀಗ ಹಾಕಿ, ಕೀಲಿಗಳನ್ನು ಎರಡು ಬೇರೆ ಕೇರಿಯ ಹೆಂಗಸರ ಕೈಗೆ ಕೊಡಿ.