ಸ್ಟುಡಿಯೊ ಆಮೇಲೆ, ಮೊದಲು ಟೈಮ್‌ಟೇಬಲ್ ಸರಿ ಮಾಡಿಕೊಳ್ಳಿ

ನಾಲ್ಕು ವಿಭಾಗಗಳನ್ನು ಸೇರಿಸಿ ಮಾಧ್ಯಮದ ಪಾಠ, ಸಂಶೋಧನೆ ಶುರು ಮಾಡೋಣ ಅಂತ ವಿಶ್ವವಿದ್ಯಾಲಯದಲ್ಲಿ ಯಾರಾದರೂ ಬಾಯಿ ಬಿಟ್ಟರೆ ಮೊದಲು ಬರುವ ಮಾತು ಸ್ಟುಡಿಯೊ. ಆಮೇಲೆ ಕ್ಯಾಮೆರಾ. ಆಮೇಲೆ ಕೇಂದ್ರಕ್ಕೊಂದು ಉದ್ದನೆಯ ಹೆಸರು. ನಾವೂ ಹೀಗೇ ಶುರು ಮಾಡಿದ್ದು. ಕ್ಯಾಮೆರಾ ಬಂತು, ಸ್ಟಾಕ್ ರಿಜಿಸ್ಟರ್‌ನಲ್ಲಿ ಎಂಟ್ರಿ ಆಯ್ತು, ಬೀರುವಿಗೆ ಬೀಗ ಬಿತ್ತು. ಬೀಗದ ಕೈ ಇಟ್ಟುಕೊಂಡವರು ರಜೆ ಹಾಕಿದ ದಿನ ಪ್ರಾಕ್ಟಿಕಲ್ ಇಲ್ಲ. ಪತ್ರಿಕೋದ್ಯಮದ ಹುಡುಗರನ್ನು ಬಿಟ್ಟರೆ ಬೇರೆ ವಿಭಾಗದವರು ಆ ಕಡೆ ತಲೆ ಹಾಕಲೇ ಇಲ್ಲ.

ಎರಡನೇ ಸಲ ಒಂದು ಪ್ರಶ್ನೆಯಿಂದ ಶುರು ಮಾಡಿದೆವು. ನೀವೂ ಅದನ್ನೇ ಮಾಡಿ. ಪ್ರಶ್ನೆ ಹತ್ತಿರದ್ದಾಗಿರಲಿ, ಒಂದೇ ವಿಭಾಗದ ಕೈಗೆ ಸಿಗದಂಥದ್ದಾಗಿರಲಿ. ನಮಗೆ ಸಿಕ್ಕಿದ್ದು ಟೊಮೆಟೊ. ರೈತರಿಗೆ ದಿನದ ರೇಟು ಯಾರಿಂದ ಗೊತ್ತಾಗುತ್ತದೆ, ಪತ್ರಿಕೆ, ಟಿವಿ, ವಾಟ್ಸಾಪ್ ಅದನ್ನು ಹೇಗೆ ಹೇಳುತ್ತವೆ? ಮಕ್ಕಳನ್ನು ಬಸ್ಸು ಹತ್ತಿಸಿ ಕೋಲಾರದ ಎಪಿಎಂಸಿಗೆ ಕರೆದುಕೊಂಡು ಹೋದೆವು.

ಅಲ್ಲಿ ಪತ್ರಿಕೋದ್ಯಮದ ಹುಡುಗಿ ನೋಟ್‌ಬುಕ್ಕಿನಲ್ಲಿ ‘ಟೊಮೆಟೊ 600 ರೂಪಾಯಿ’ ಅಂತ ಬರೆದುಕೊಂಡಳು. ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ಹುಡುಗ ಇಣುಕಿ ನೋಡಿ ಕೇಳಿದ: ‘ಯಾವುದಕ್ಕೆ 600? 15 ಕೆಜಿ ಬಾಕ್ಸಿಗಾ, ಕ್ವಿಂಟಲ್‌ಗಾ? ಚೆನ್ನಾಗಿರೋ ಹಣ್ಣಿಗಾ, ಒಟ್ಟು ಸರಾಸರಿನಾ?’ ಅವಳಿಗೆ ಗೊತ್ತಿರಲಿಲ್ಲ. ವಾಪಸ್ ಹೋಗಿ ಕೇಳಿಕೊಂಡು ಬಂದಳು. ಕನ್ನಡ ಎಂಎ ಹುಡುಗಿಯೊಬ್ಬಳು ಹಳೆಯ ಹೆಡ್‌ಲೈನ್‌ಗಳನ್ನು ಹರಡಿಕೊಂಡು ಇನ್ನೊಂದು ಕಂಡುಹಿಡಿದಳು. ರೇಟು ಏರಿದರೆ ‘ಗ್ರಾಹಕರ ಜೇಬಿಗೆ ಕತ್ತರಿ’, ಇಳಿದರೆ ‘ರೈತರ ಕಣ್ಣಲ್ಲಿ ನೀರು’. ಒಳ್ಳೆ ರೇಟು ಸಿಕ್ಕಿತು ಅಂತ ರೈತ ಖುಷಿಪಟ್ಟ ದಿನ ಅವನು ಸುದ್ದಿಯಲ್ಲೇ ಇರುವುದಿಲ್ಲ! ಹತ್ತು ವರ್ಷದಿಂದ ವರದಿಗಾರಿಕೆ ಪಾಠ ಮಾಡುತ್ತಿದ್ದ ನನಗೂ ಇದು ಹೊಳೆದಿರಲಿಲ್ಲ.

ಬೇರೆ ವಿಭಾಗದವರು ಮಾಧ್ಯಮಕ್ಕೆ ಕೈ ಹಾಕೋದು ನಮಗೇನು ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ. ಟ್ರಾನ್ಸ್‌ಮಿಟರ್ ಇಟ್ಟಿದ್ದು ತಮ್ಮ ಮನೆಯಲ್ಲೇ. ಆ ಕೇಂದ್ರದ ‘ಆಕಾಶವಾಣಿ’ ಅನ್ನೋ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ಇಟ್ಟುಕೊಂಡಿತು.

ಇನ್ನು ಕಾಗದದ ಕೆಲಸ. ಹೊಸ ಕೋರ್ಸ್ ಅಂತ ಹೊರಟರೆ ಬಿಒಎಸ್ (ಪಠ್ಯ ನಿರ್ಧರಿಸುವ ಬೋರ್ಡ್ ಆಫ್ ಸ್ಟಡೀಸ್), ಅಕಾಡೆಮಿಕ್ ಕೌನ್ಸಿಲ್, ಸಿಂಡಿಕೇಟ್ ಸುತ್ತುವಷ್ಟರಲ್ಲಿ ನಿಮ್ಮ ಉತ್ಸಾಹ ಇಳಿದಿರುತ್ತದೆ. ಪಿಜಿಯಲ್ಲಿ ಓಪನ್ ಎಲೆಕ್ಟಿವ್ ಇದ್ದರೆ ಅದರೊಳಗೇ ತೂರಿಸಿ. ಬೇರೆ ವಿಭಾಗದ ವಿದ್ಯಾರ್ಥಿಗಳು ಹೇಗಿದ್ದರೂ ಅಲ್ಲಿಗೆ ಬರಲೇಬೇಕಲ್ವಾ?

ನಿಜವಾದ ಜಗಳ ಇರೋದು ವರ್ಕ್‌ಲೋಡ್‌ನಲ್ಲಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಒಂದೇ ಕ್ಲಾಸಿನಲ್ಲಿ ಇಬ್ಬರು ಮೇಷ್ಟ್ರು ನಿಂತರೆ ಆ ಗಂಟೆ ಯಾರ ಖಾತೆಗೆ? ನಮ್ಮಲ್ಲಿ ಇದನ್ನು ಯಾರೂ ಕೇಳಲಿಲ್ಲ, ಅರ್ಥಶಾಸ್ತ್ರದ ಮೇಡಂ ಒಂದು ಸೆಮಿಸ್ಟರ್ ಪೂರ್ತಿ ಸುಮ್ನೆ ಬಂದು ಪಾಠ ಮಾಡಿದರು, ಮುಂದಿನ ಸೆಮಿಸ್ಟರ್‌ಗೆ ‘ನಮ್ಮ ವಿಭಾಗದಲ್ಲೇ ಜಾಸ್ತಿ ಕ್ಲಾಸಿದೆ ಸರ್’ ಅಂದುಬಿಟ್ಟರು, ತಪ್ಪು ಅವರದ್ದಲ್ಲ. ಸೆಮಿಸ್ಟರ್‌ಗೆ ಮೊದಲೇ ಇಬ್ಬರ ಹೆಸರಿಗೂ ಗಂಟೆ ಹಾಕಿಸಿ, ರಿಜಿಸ್ಟ್ರಾರ್ ಕಚೇರಿಯಿಂದ ಪತ್ರ ತೆಗೆದುಕೊಳ್ಳಿ. ಟೈಮ್‌ಟೇಬಲ್‌ನಲ್ಲಿ ಎಲ್ಲ ವಿಭಾಗಕ್ಕೂ ಒಂದು ಮಧ್ಯಾಹ್ನ ಖಾಲಿ ಇರಲಿ. ಇವೆರಡು ಆಗದಿದ್ದರೆ ಮುಂದಿನದ್ದನ್ನು ಓದುವುದೂ ದಂಡ.

ಅಂಕಗಳನ್ನೂ ಇಬ್ಬರೂ ಸೇರಿ ಕೊಡಿ. ವರದಿಗೆ ಒಬ್ಬರು, ಅದರ ಹಿಂದಿನ ಅಂಕಿಅಂಶದ ಪಟ್ಟಿಗೆ ಇನ್ನೊಬ್ಬರು.

ಕಂಪ್ಯೂಟರ್ ಸೈನ್ಸ್‌ನವರಿಗೆ ‘ವೆಬ್‌ಸೈಟ್ ಮಾಡಿಕೊಡಿ’ ಅನ್ನಬೇಡಿ. ಅವರಿಗೆ ಬೇಜಾರಾಗುತ್ತದೆ. ಹಳೆಯ ಕನ್ನಡ ಪುಟಗಳ ಫೈಲ್ ಕೊಡಿ. ಈಗ ಎಲ್ಲ ಕಂಪ್ಯೂಟರ್, ಫೋನ್‌ಗಳಲ್ಲಿ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲನ್ನು ಈಗ ತೆರೆದರೆ ಪರದೆ ತುಂಬ ಟೋಪಿ, ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದರೊಳಗೆ ಏನು ಹುಡುಕಿದರೂ ಸಿಗದು. ಅದನ್ನು ಯೂನಿಕೋಡ್‌ಗೆ ತಿರುಗಿಸಲು ಕನ್ವರ್ಟರ್‌ಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಅವು ಅಲ್ಲಲ್ಲಿ ಎಡವುತ್ತವೆ. ತಪ್ಪು ಹಿಡಿಯೋಕೆ ಕನ್ನಡ ವಿಭಾಗದವರು ಬೇಕು, ತಪ್ಪು ಮತ್ತೆ ಬರದಂತೆ ಮಾಡೋಕೆ ಕೋಡ್ ಬರೆಯುವವರು ಬೇಕು. ನಮ್ಮಲ್ಲಿ ಎರಡು ವಿಭಾಗದವರು ಒಟ್ಟಿಗೆ ಕೂತು ಟೀ ಕುಡಿದದ್ದು ಈ ಕೆಲಸದಲ್ಲೇ.

ಸಂಶೋಧನೆಯ ವಿಷಯಕ್ಕೆ ಬಂದರೆ, 2022ರ ಯುಜಿಸಿ ಪಿಎಚ್‌ಡಿ ನಿಯಮಗಳಲ್ಲಿ ಸಹ ಮಾರ್ಗದರ್ಶಕರಿಗೆ ಅವಕಾಶ ಇದೆ, ಬಳಸಿಕೊಳ್ಳಿ. ಆದರೆ ಪೇಪರ್‌ನಲ್ಲಿ ಯಾರ ಹೆಸರು ಮೊದಲು ಅನ್ನೋದನ್ನು ಕೆಲಸ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಿ. ಮುಗಿದ ಮೇಲೆ ಮಾತಾಡಿದರೆ ಸ್ನೇಹವೂ ಮುಗಿಯುತ್ತದೆ. ಇನ್ನೊಂದು, ರೈತರ ವಾಟ್ಸಾಪ್ ಗುಂಪಿನ ಮೆಸೇಜುಗಳನ್ನು ಕೇಳದೆ ನಕಲು ಮಾಡಬೇಡಿ. ಒಪ್ಪಿಗೆ ಸಿಕ್ಕರೂ ಫೋನ್ ನಂಬರ್, ಹೆಸರು ಅಳಿಸಿದ ಮೇಲೆಯೇ ಬೇರೆಯವರ ಲ್ಯಾಪ್‌ಟಾಪಿಗೆ ಹೋಗಲಿ.

ಸುದ್ದಿಮನೆಯವರನ್ನು ಕರೆಸಬೇಕಾ? ಯುಜಿಸಿಯ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ವ್ಯವಸ್ಥೆಯಲ್ಲಿ ಪಿಎಚ್‌ಡಿ ಇಲ್ಲದ ಅನುಭವಿಗಳನ್ನೂ ನೇಮಿಸಬಹುದು, ಮಂಜೂರಾದ ಹುದ್ದೆಗಳ 10%ವರೆಗೆ. ಒಂದು ದಿನ ಬಂದು ತಮ್ಮ ಸಾಹಸ ಹೇಳಿ ಶಾಲು ಹೊದ್ದು ಹೋಗುವವರಿಗಿಂತ, ಮಕ್ಕಳು ಬರೆದ ವರದಿ ತಿದ್ದುವ ಒಬ್ಬ ಸಬ್ ಎಡಿಟರ್ ಸಿಕ್ಕರೆ ಸಾಕು.

ಸಮುದಾಯ ರೇಡಿಯೊ ಆಸೆ ಇದ್ದರೆ ಅದು ಮೂರನೇ ವರ್ಷಕ್ಕಿರಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಒಂದನ್ನು ನಡೆಸಿದೆ, ಹೋಗಿ ನೋಡಿಕೊಂಡು ಬನ್ನಿ. ಸಮುದಾಯ ರೇಡಿಯೊದಲ್ಲಿ ನಿಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಬುಲೆಟಿನ್ ಮರುಪ್ರಸಾರ ಮಾಡಬಹುದಷ್ಟೇ. ಪತ್ರಿಕೋದ್ಯಮದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಮೊದಲ ಸೆಮಿಸ್ಟರ್‌ಗೆ ಹನ್ನೆರಡು ಮಕ್ಕಳು, ಇಬ್ಬರು ಮೇಷ್ಟ್ರು, ಒಂದು ಪ್ರಶ್ನೆ. ರೆಕಾರ್ಡಿಂಗಿಗೆ ಅವರ ಫೋನೇ ಸಾಕು, ಕಾಲರ್ ಮೈಕ್ ಮಾತ್ರ ಕೊಂಡುಕೊಳ್ಳಿ, ಅದಿಲ್ಲದಿದ್ದರೆ ಮಂಡಿಯ ಗದ್ದಲದಲ್ಲಿ ಮಾತೇ ಕೇಳಿಸುವುದಿಲ್ಲ. ಬಸ್ಸು ನಸುಕಿನಲ್ಲೇ ಹೊರಡಬೇಕಾಗುತ್ತದೆ. ಅದರ ಬಿಲ್ಲು ಯಾವ ವಿಭಾಗದ ಲೆಕ್ಕಕ್ಕೆ ಅಂತ ಹಿಂದಿನ ವಾರವೇ ಬರೆಸಿಕೊಳ್ಳಿ, ನಮ್ಮದು ಇನ್ನೂ ಪಾಸಾಗಿಲ್ಲ.