ಪಾಲು ಕೇಳಿಯೇ ಬೋಟು ಹತ್ತಿ

"ಬೋಟಿನಲ್ಲಿ ಕೆಲಸ ಸಿಗುತ್ತಾ ಅಣ್ಣ?" ಅಂತ ಊರಿನ ಹುಡುಗರು ಕೇಳುತ್ತಾರೆ. ಸಿಗುತ್ತದೆ. ಆಗಸ್ಟ್ ಹತ್ತಿರ ಬಂದರೆ ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ಬೋಟಿನ ಮಾಲೀಕರೇ ಜನ ಹುಡುಕುತ್ತಿರುತ್ತಾರೆ. ನಮ್ಮವರು ಬೆಂಗಳೂರಿನ ಹೋಟೆಲಿಗೆ, ಗಲ್ಫಿಗೆ ಹೋದ ಮೇಲೆ ಆ ಜಾಗಕ್ಕೆ ಒಡಿಶಾ, ಜಾರ್ಖಂಡ್, ಆಂಧ್ರದವರು ಬಂದಿದ್ದಾರೆ. ಆದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಾನು ಮೊದಲು ಹತ್ತಿದ್ದು ಆಳಸಮುದ್ರದಲ್ಲಿ ಬಲೆ ಎಳೆಯುತ್ತಾ ಸಾಗುವ ಟ್ರಾಲ್ ಬೋಟು, ಅಡುಗೆಯವನಾಗಿ. ಏಳು ಜನ. ಹತ್ತು ಹನ್ನೆರಡು ದಿನ ದಡ ಕಾಣುವುದಿಲ್ಲ. ಮೂರು ಗಂಟೆಗೊಮ್ಮೆ ಬಲೆ ಎತ್ತಬೇಕು, ಹಗಲು ರಾತ್ರಿ ಅಂತಿಲ್ಲ. ಬಂದ ಮೀನನ್ನು ಬೇರೆ ಬೇರೆ ಮಾಡಿ ಐಸ್ ಹಾಕುವಷ್ಟರಲ್ಲಿ ಮತ್ತೆ ಬಲೆ ಎಳೆಯುವ ವಿಂಚ್ ತಿರುಗುವ ಸದ್ದು. ಮೊದಲ ಮೂರು ದಿನ ವಾಂತಿ ಮಾಡಿಕೊಳ್ಳುತ್ತಲೇ ಸಾರು ಕುದಿಸಿದೆ.

ವಾಪಸ್ ಬಂದಾಗ ಬೊಂಡಾಸ್ (ಸ್ಕ್ವಿಡ್), ರಾಣಿಮೀನು ಬಾಕ್ಸ್‌ಗಟ್ಟಲೆ ಇಳಿದವು. ಒಳ್ಳೆ ದುಡ್ಡು ಅಂದುಕೊಂಡೆ. ಡೀಸೆಲ್, ಐಸ್, ರೇಷನ್ ಖರ್ಚು ಮೊದಲು ಕಳೆದರು. ಉಳಿದದ್ದರಲ್ಲಿ ಮಾಲೀಕರ ಪಾಲು, ಬೋಟು ನಡೆಸುವ ತಾಂಡೇಲರ ಪಾಲು. ನನ್ನ ಕೈಗೆ ಬತ್ತೆ, ಮೇಲೊಂದಿಷ್ಟು ಚಿಲ್ಲರೆ. ಮೋಸ ಏನಿರಲಿಲ್ಲ, ಲೆಕ್ಕವೇ ಹಾಗೆ.

ದಾರಿ ಕಂಡದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಉಳಿತಾಯ-ಪರಿಹಾರ ಯೋಜನೆಯಲ್ಲಿ ನಾವು 1,500 ರೂಪಾಯಿ ಕಟ್ಟಿದರೆ ಕೇಂದ್ರ, ರಾಜ್ಯದ ಪಾಲು ಸೇರಿ 4,500 ಆಗಿ ಬರುತ್ತದೆ. ಅದು ಎಲ್ಲಿಗೆ ಸಾಲುತ್ತದೆ, ಅಲ್ವಾ? ನಾನು ಮನೆಯಲ್ಲಿ ಸುಮ್ನೆ ಕೂರದೆ ಬಂದರಿನಲ್ಲೇ ಒಬ್ಬ ಹಿರಿಯರ ಹತ್ತಿರ ಬಲೆ ಸರಿಮಾಡಲು ಕೂತೆ. ಹರಿದ ಜಾಗದಲ್ಲಿ ಯಾವ ಕಣ್ಣು ಕತ್ತರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೇ ಒಂದು ವಾರ ಹೋಯಿತು. ಅವರು ಬೈದದ್ದು ಜಾಸ್ತಿ, ಹೇಳಿಕೊಟ್ಟದ್ದು ಕಡಿಮೆ. ನೋಡಿಯೇ ಕಲಿತೆ. ಮುಂದಿನ ಸೀಸನ್‌ಗೆ ಬಲೆ ಕೆಲಸ ಬರುತ್ತದೆ ಅಂತ ನನ್ನ ಪಾಲು ಏರಿತು. ಆಮೇಲೆ ಸ್ಟೀರಿಂಗ್, ಜಿಪಿಎಸ್, ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್. ತಾಂಡೇಲನಾಗಲು ಒಂಬತ್ತು ವರ್ಷ ಹಿಡಿಯಿತು.

ಓದಿದ ಹುಡುಗರಿಗೆ ಇಷ್ಟು ಸುತ್ತು ಬೇಡ. ಕೊಚ್ಚಿಯಲ್ಲಿ ಸಿಫ್‌ನೆಟ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಚೆನ್ನೈ, ವಿಶಾಖಪಟ್ಟಣದಲ್ಲೂ ಇದೆ. ಹತ್ತನೇ ಕ್ಲಾಸ್ ಮುಗಿಸಿದವರಿಗೆ ಅಲ್ಲಿ ಬೋಟು ನಡೆಸುವ ಕೋರ್ಸ್, ಎಂಜಿನ್ ಕೋರ್ಸ್ ಇವೆ. ಅಕ್ಕನ ಮಗನನ್ನು ಅಲ್ಲಿಗೇ ಕಳಿಸಿದೆ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅವತ್ತಿನಿಂದ ನಾನು ಹೊರಟಾಗಲೆಲ್ಲ ಹೆಂಡತಿ ಒಂದೇ ಮಾತು ಕೇಳುತ್ತಾಳೆ, "ವಿಮೆ ಆಗಿದೆಯಾ?" ಸರ್ಕಾರದ ಅಪಘಾತ ವಿಮೆಯಲ್ಲಿ ಜೀವ ಹೋದರೆ 5 ಲಕ್ಷ. ಹೆಸರು ಬರೆಸದೆ ನನ್ನ ಬೋಟಿಗೆ ಯಾರನ್ನೂ ಹತ್ತಿಸುವುದಿಲ್ಲ.

ಹೊಸ ಹುಡುಗರು ಬಂದರೆ ಪಾಲಿನ ಲೆಕ್ಕವನ್ನೂ ಬೋಟು ನಿಲ್ಲುವ ದಕ್ಕೆಯಲ್ಲೇ ಬಿಡಿಸಿ ಹೇಳುತ್ತೇನೆ. ಅರ್ಧ ಜನ ಅಷ್ಟು ಕೇಳಿ ಮನೆಗೆ ಹೋಗುತ್ತಾರೆ.